ಲಂಗರು ಇಳಿಸಿ ಪ್ರಾರ್ಥಿಸಿದವರು



ಪ್ರತಿವರ್ಷ ಜುಲೈ ತಿಂಗಳ ಎರಡನೆಯ ಭಾನುವಾರವನ್ನು ಧರ್ಮಸಭೆಯು ಅನೇಕ ದೇಶಗಳಲ್ಲಿ ‘ಸಮುದ್ರ ಭಾನುವಾರ’ವೆಂದು ಆಚರಿಸುತ್ತದೆ. ಹಡಗುಗಳಲ್ಲಿ ದುಡಿಯುವ ನಾವಿಕರು, ಮೀನುಗಾರರು ಹಾಗೂ ಅವರ ದಾರಿ ಕಾಯುವ ಮನೆಮಂದಿಗಾಗಿ ಅಂದಿನ ಬಲಿಪೂಜೆಯಲ್ಲಿ ವಿಶೇಷ ಪ್ರಾರ್ಥನೆ ಸಲ್ಲುತ್ತದೆ. ನಮ್ಮ ಪಶ್ಚಿಮ ಕರಾವಳಿಯಲ್ಲಿ ಆ ದಿನ ಯಾಂತ್ರಿಕ ದೋಣಿಗಳೆಲ್ಲ ದಡದಲ್ಲಿರುತ್ತವೆ. ಜೂನ್ 1ರಿಂದ ಜುಲೈ 31ರವರೆಗೆ 61 ದಿನಗಳ ಕಾಲ ಯಾಂತ್ರಿಕ ಮೀನುಗಾರಿಕೆಗೆ ನಿಷೇಧವಿರುವುದರಿಂದ ಧಕ್ಕೆಯಲ್ಲಿ ಬಲೆ ಹೆಣೆಯುವ, ಎಂಜಿನ್ ರಿಪೇರಿ ಮಾಡಿಸುವ, ಬೋಟಿಗೆ ಬಣ್ಣ ಬಳಿಯುವ ಕೆಲಸ ನಡೆದಿರುತ್ತದೆ.

ಆಗಸ್ಟ್ ಹತ್ತಿರವಾದಂತೆ ದೋಣಿಗಳನ್ನು ಆಶೀರ್ವದಿಸಲು ಗುರುಗಳಿಗೆ ಕರೆ ಬರುತ್ತದೆ. ದೋಣಿಯ ಮುಂಭಾಗದಲ್ಲಿ ಯಾವುದಾದರೂ ಸಂತರ ಹೆಸರು, ಕ್ಯಾಬಿನ್ನಿನೊಳಗೆ ಮಾತೆ ಮರಿಯಮ್ಮನವರ ಪಟ. ಗುರುಗಳು ಪವಿತ್ರ ಜಲ ಚಿಮುಕಿಸಿ ಪ್ರಾರ್ಥಿಸುತ್ತಾರೆ. ನಮ್ಮ ನೆರೆಯ ಮೊಗವೀರ ಬಂಧುಗಳು ಕಡಲಿಗೆ ಹಾಲು, ತೆಂಗಿನಕಾಯಿ ಅರ್ಪಿಸಿ ಸಮುದ್ರಪೂಜೆ ನೆರವೇರಿಸುತ್ತಾರೆ. ಅಪಾರವಾದ ಕಡಲಿನ ಮುಂದೆ ನಿಂತ ಮನುಷ್ಯ ತಾನು ಎಷ್ಟು ಸಣ್ಣವನೆಂದು ಅರಿತು ತಲೆಬಾಗುವ ಈ ಸಂಪ್ರದಾಯಗಳು ಗೌರವಕ್ಕೆ ಅರ್ಹವಾದವು.

ಆದರೆ ಆಶೀರ್ವಾದ ಮುಗಿದ ಮೇಲೆ ಒಮ್ಮೊಮ್ಮೆ ಒಂದು ಮಾತು ಕೇಳಿಬರುತ್ತದೆ: “ಆಶೀರ್ವಾದ ಆಯ್ತಲ್ಲ ಫಾದರ್, ಇನ್ನೇನು ಹೆದರಿಕೆ? ಎಲ್ಲ ದೇವರು ನೋಡಿಕೊಳ್ತಾರೆ.” ಮಾತೇನೋ ವಿಶ್ವಾಸದಿಂದಲೇ ಬಂದದ್ದು. ಆದರೆ ಅದೇ ದೋಣಿಯಲ್ಲಿ ಲೈಫ್ ಜಾಕೆಟ್‌ಗಳು ತಂದ ದಿನದ ಪ್ಲಾಸ್ಟಿಕ್ ಚೀಲದೊಳಗೇ ಉಳಿದು, ಅವುಗಳ ಮೇಲೆ ಬಲೆಯ ರಾಶಿ ಬಿದ್ದಿದ್ದರೆ, ಆ ಮಾತಿನ ಬಗ್ಗೆ ಸ್ವಲ್ಪ ಯೋಚಿಸಬೇಕಾಗುತ್ತದೆ. ದೇವರಲ್ಲಿ ಭರವಸೆಯಿಡುವುದೆಂದರೆ ಎಚ್ಚರಿಕೆಯನ್ನು ಕೈಬಿಡುವುದೇ? ಈ ಪ್ರಶ್ನೆಗೆ ಪವಿತ್ರ ಬೈಬಲ್‌ನಲ್ಲಿ ಒಂದು ಇಡೀ ಅಧ್ಯಾಯವೇ ಉತ್ತರವಾಗಿದೆ. ಅದು ಪ್ರೇಷಿತರ ಕಾರ್ಯಕಲಾಪಗಳ 27ನೆಯ ಅಧ್ಯಾಯ.

ಮೆಲ್ಲನೆ ಬೀಸಿದ ತೆಂಕಣ ಗಾಳಿ

ಸಂತ ಪೌಲರು ಕೈದಿಯಾಗಿ ರೋಮಿಗೆ ಹೊರಟಿದ್ದಾರೆ. ಕಾವಲಿಗೆ ಜೂಲಿಯಸ್ ಎಂಬ ಶತಾಧಿಪತಿ. ದಾರಿಯಲ್ಲಿ ಅವರನ್ನು ಅಲೆಕ್ಸಾಂಡ್ರಿಯದಿಂದ ಇಟಲಿಗೆ ಹೋಗುತ್ತಿದ್ದ ಗೋಧಿಯ ಹಡಗಿಗೆ ಹತ್ತಿಸಲಾಯಿತು. ಎದುರುಗಾಳಿಯಲ್ಲಿ ದಿನಗಳು ವ್ಯರ್ಥವಾಗಿ, ಕ್ರೇಟ್ ದ್ವೀಪದ ಚಂದರೇವು ಎಂಬ ಸ್ಥಳಕ್ಕೆ ಮುಟ್ಟುವ ಹೊತ್ತಿಗೆ ಯೆಹೂದ್ಯರ ಪ್ರಾಯಶ್ಚಿತ್ತ ದಿನದ ಉಪವಾಸವೂ ಕಳೆದುಹೋಗಿತ್ತು. ಎಂದರೆ, ಮೆಡಿಟರೇನಿಯನ್ ಕಡಲಿನಲ್ಲಿ ಪಯಣಿಸುವ ಕಾಲ ಮುಗಿಯುತ್ತಾ ಬಂದಿತ್ತು. ಮುಂದೆ ಹೋದರೆ ಸರಕಿಗೂ ಹಡಗಿಗೂ ಜನರ ಪ್ರಾಣಕ್ಕೂ ಹಾನಿಯಾದೀತೆಂದು ಪೌಲರು ಎಚ್ಚರಿಸಿದರು.

ಇದು ಕಡಲು ಕಾಣದವರ ಅಂಜಿಕೆಯ ಮಾತಾಗಿರಲಿಲ್ಲ. ಇದಕ್ಕೂ ಮೊದಲೇ ಕೊರಿಂಥದವರಿಗೆ ಬರೆದ ಎರಡನೆಯ ಪತ್ರದಲ್ಲಿ ಪೌಲರು, ತಾವು ಮೂರು ಸಲ ಹಡಗು ಒಡೆದು ಕಷ್ಟಪಟ್ಟುದನ್ನೂ ಒಂದು ಹಗಲು ಒಂದು ರಾತ್ರಿ ನಡುಗಡಲಿನಲ್ಲಿ ಕಳೆದುದನ್ನೂ ತಿಳಿಸಿದ್ದಾರೆ. ಆದರೆ ಅವರು ಕೈದಿ. ಕೈದಿಯ ಮಾತಿಗೆ ಬೆಲೆಯೇನು? ಶತಾಧಿಪತಿಯು ಹಡಗಿನ ಯಜಮಾನನನ್ನೂ ಚುಕ್ಕಾಣಿಗಾರನನ್ನೂ ನಂಬಿದ. ಚಳಿಗಾಲ ಕಳೆಯಲು ಚಂದರೇವು ಅನುಕೂಲವಾಗಿಲ್ಲ, ಇನ್ನೊಂದು ರೇವಿಗೆ ಹೋಗೋಣ ಎಂದು ಹೆಚ್ಚಿನವರು ಹೇಳಿದರು. ಅಷ್ಟರಲ್ಲಿ ತೆಂಕಣ ಗಾಳಿ ಮೆಲ್ಲನೆ ಬೀಸತೊಡಗಿತು. ತಮ್ಮ ಎಣಿಕೆ ಕೈಗೂಡಿತೆಂದು ಅವರು ಲಂಗರು ಎತ್ತಿಯೇಬಿಟ್ಟರು. ಸ್ವಲ್ಪ ಹೊತ್ತಿನಲ್ಲೇ ಈಶಾನ್ಯದ ಬಿರುಗಾಳಿ ಅಪ್ಪಳಿಸಿತು.

ಅಪಾಯ ಬರುವುದು ಹೆಚ್ಚಾಗಿ ಹೀಗೆಯೇ. ತೂಫಾನು ಕಣ್ಣಿಗೆ ಕಾಣುತ್ತಿರುವಾಗ ಯಾರೂ ದೋಣಿ ಇಳಿಸುವುದಿಲ್ಲ. ಹವಾಮಾನ ಇಲಾಖೆ ಎಚ್ಚರಿಕೆ ಕೊಟ್ಟಿದೆ, ಆದರೆ ಆಕಾಶ ತಿಳಿಯಾಗಿದೆ. ಡೀಸೆಲ್ ತುಂಬಿಸಿ ಆಗಿದೆ, ಐಸ್ ಕರಗುತ್ತಿದೆ, ಬ್ಯಾಂಕಿನ ಸಾಲದ ಕಂತು ಹತ್ತಿರ ಬಂದಿದೆ. “ಒಂದು ಟ್ರಿಪ್ ಹೋಗಿ ಬರುವ” ಎನ್ನುವಾಗ ಬೀಸುವುದು ಆ ತೆಂಕಣ ಗಾಳಿಯೇ. 2021ರ ಮೇ ತಿಂಗಳಲ್ಲಿ ತೌಕ್ತೆ ಚಂಡಮಾರುತ ಬರುವ ಮುನ್ಸೂಚನೆ ಇದ್ದರೂ ಮುಂಬಯಿ ಹೈ ತೈಲಕ್ಷೇತ್ರದಲ್ಲಿದ್ದ ಪಿ-305 ಎಂಬ ಬಾರ್ಜ್ ಬಂದರಿಗೆ ಮರಳಲಿಲ್ಲ. ಅದರಲ್ಲಿ 261 ಜನರಿದ್ದರು. ಮೇ 17ರಂದು ಬಾರ್ಜ್ ಮುಳುಗಿತು. ನೌಕಾಪಡೆಯವರು ಪ್ರಾಣದ ಹಂಗು ತೊರೆದು ಬಹಳ ಮಂದಿಯನ್ನು ರಕ್ಷಿಸಿದರೂ ಹತ್ತಾರು ಕಾರ್ಮಿಕರು ಮನೆಗೆ ಮರಳಲಿಲ್ಲ. ಯಾರು ತಪ್ಪಿತಸ್ಥರೆಂದು ತೀರ್ಪು ಹೇಳುವುದು ನಮ್ಮ ಕೆಲಸವಲ್ಲ. ಆದರೆ ತೀರ್ಮಾನ ಕೈಗೊಳ್ಳುವವರು ಒಬ್ಬರು, ಅದರ ಫಲ ಅನುಭವಿಸುವವರು ಇನ್ನೊಬ್ಬರು ಎಂಬ ಸಂಗತಿ ಪೌಲರ ಕಾಲದಿಂದ ಇಂದಿಗೂ ಬದಲಾಗಿಲ್ಲ ಎಂಬುದನ್ನು ಗಮನಿಸಬೇಕು.

ವಾಗ್ದಾನ ದೊರೆತ ಮೇಲೂ

ಮುಂದಿನ ಕಥೆ ನಿಮಗೆ ತಿಳಿದಿದೆ. ಹಡಗು ಒಡೆಯದಂತೆ ಅದರ ಒಡಲಿಗೆ ಹಗ್ಗಗಳನ್ನು ಸುತ್ತಿ ಬಿಗಿದರು. ಸರಕನ್ನು ಕಡಲಿಗೆಸೆದರು. ಬಹು ದಿನಗಳ ಕಾಲ ಸೂರ್ಯನಾಗಲಿ ನಕ್ಷತ್ರಗಳಾಗಲಿ ಕಾಣಲಿಲ್ಲ. ದಿಕ್ಸೂಚಿ ಇಲ್ಲದ ಆ ಕಾಲದಲ್ಲಿ ಆಕಾಶ ಮುಚ್ಚಿದರೆ ತಾವೆಲ್ಲಿದ್ದೇವೆ ಎಂಬುದೇ ತಿಳಿಯುತ್ತಿರಲಿಲ್ಲ. ಬದುಕುವ ಆಸೆಯೆಲ್ಲ ಹೋಯಿತು. ಆಗ ಪೌಲರು ಎದ್ದುನಿಂತು, ತಮ್ಮ ಮಾತನ್ನು ಕೇಳಬೇಕಾಗಿತ್ತೆಂದು ಒಂದೇ ಮಾತಿನಲ್ಲಿ ನೆನಪಿಸಿ, ಕೂಡಲೇ ಧೈರ್ಯ ಹೇಳಿದರು. ಹಡಗು ಹೋದರೂ ಒಬ್ಬನ ಪ್ರಾಣವೂ ಹೋಗದೆಂದು ದೇವದೂತನು ತಮಗೆ ತಿಳಿಸಿರುವುದಾಗಿ ಹೇಳಿದರು.

ಪ್ರಿಯ ಓದುಗರೇ, ಇಲ್ಲಿ ಸ್ವಲ್ಪ ನಿಲ್ಲೋಣ. ದೇವರ ವಾಗ್ದಾನ ದೊರೆತಾಯಿತು. ಇನ್ನು ಎಲ್ಲರೂ ಕೈಕಟ್ಟಿ ಕುಳಿತುಕೊಳ್ಳಬಹುದಿತ್ತಲ್ಲವೇ? ಆದರೆ ಏನಾಯಿತು ನೋಡಿ. ಹದಿನಾಲ್ಕನೆಯ ರಾತ್ರಿ ನಾವಿಕರು ಆಳ ನೋಡಲು ಗುಂಡುಹಗ್ಗ ಇಳಿಬಿಟ್ಟರು. 20 ಮಾರು ಎಂದು ಕಂಡಿತು. ಸ್ವಲ್ಪ ಮುಂದೆ ಮತ್ತೆ ಇಳಿಬಿಟ್ಟರು, 15 ಮಾರು. ಬಂಡೆಗೆ ಬಡಿದೇವೆಂದು ಹೆದರಿ ಹಡಗಿನ ಹಿಂಭಾಗದಿಂದ ನಾಲ್ಕು ಲಂಗರುಗಳನ್ನು ಇಳಿಸಿ, ಬೆಳಗಾಗಲಿ ಎಂದು ಪ್ರಾರ್ಥಿಸುತ್ತಿದ್ದರು. ನಾಲ್ಕು ಲಂಗರು ಇಳಿಸಿದರು, ಪ್ರಾರ್ಥನೆಯನ್ನೂ ಮಾಡಿದರು. ಸಂತ ಲೂಕರು ಇವೆರಡನ್ನೂ ಒಂದೇ ಉಸಿರಿನಲ್ಲಿ ಹೇಳಿಬಿಡುತ್ತಾರೆ.

ಅದೇ ರಾತ್ರಿ ಕೆಲವು ನಾವಿಕರು ಮುಂಭಾಗದಿಂದಲೂ ಲಂಗರು ಹಾಕುವ ನೆವ ಹೇಳಿ ಸಣ್ಣ ದೋಣಿಯನ್ನು ಇಳಿಸಿ ತಪ್ಪಿಸಿಕೊಳ್ಳಲು ನೋಡಿದರು. ಆಗ ಪೌಲರು ಶತಾಧಿಪತಿಗೆ, ಈ ನಾವಿಕರು ಹಡಗಿನಲ್ಲಿ ಉಳಿಯದಿದ್ದರೆ ನೀವು ಬದುಕುವುದಿಲ್ಲ ಎಂದು ಎಚ್ಚರಿಸಿದರು. ಯಾರೂ ಸಾಯುವುದಿಲ್ಲವೆಂದು ದೇವರೇ ಹೇಳಿದ್ದಾರೆಂದು ಸಾರಿದವರೂ ಇದೇ ಪೌಲರು. ಬಲ್ಲ ನಾವಿಕರಿಲ್ಲದೆ ಉಳಿಗಾಲವಿಲ್ಲ ಎಂದವರೂ ಇದೇ ಪೌಲರು. ಅವರ ದೃಷ್ಟಿಯಲ್ಲಿ ಈ ಎರಡು ಮಾತುಗಳ ನಡುವೆ ವಿರೋಧವೇ ಇರಲಿಲ್ಲ.

ಸಂತ ತೋಮಸ್ ಅಕ್ವಿನಾಸರು ಇದನ್ನು ತತ್ವಶಾಸ್ತ್ರದ ಭಾಷೆಯಲ್ಲಿ ವಿವರಿಸಿದ್ದಾರೆ. ದೇವರು ತಮ್ಮ ಸೃಷ್ಟಿಯನ್ನು ಪರಿಪಾಲಿಸುವಾಗ ಸೃಷ್ಟಿಯನ್ನೇ ಸಾಧನವಾಗಿ ಬಳಸುತ್ತಾರೆ. ಅದು ದೇವರ ಬಲಹೀನತೆಯಿಂದಲ್ಲ, ಅವರ ಔದಾರ್ಯದಿಂದ; ಕಾರಣವಾಗುವ ಘನತೆಯನ್ನು ತಮ್ಮ ಸೃಷ್ಟಿಗೂ ಹಂಚುತ್ತಾರೆ. ಸರಳವಾಗಿ ಹೇಳುವುದಾದರೆ, ಅಮ್ಮ ಮಗುವನ್ನು ಕರೆದು “ಬಾ, ಈ ಕೊಡದ ಒಂದು ಕಡೆ ನೀನು ಹಿಡಿ” ಎಂದಂತೆ. ಹವಾಮಾನ ತಿಳಿಸುವ ವಿಜ್ಞಾನಿಯ ಬುದ್ಧಿ, ತಾಂಡೇಲನ ಅನುಭವ, ಲೈಫ್ ಜಾಕೆಟ್ ಹೊಲಿದ ಕೈ, ರೇಡಿಯೊದ ಮುಂದೆ ರಾತ್ರಿಯಿಡೀ ಎಚ್ಚರವಿರುವ ಕರಾವಳಿ ಕಾವಲು ಪಡೆಯ ಸಿಬ್ಬಂದಿ—ಇವರೆಲ್ಲ ದೈವಪರಿಪಾಲನೆಯ ಕೈಗಳೇ. ಹಳೆಯ ಒಡಂಬಡಿಕೆಯ ಜ್ಞಾನಗ್ರಂಥವೂ ಇದನ್ನೇ ಸೂಚಿಸುತ್ತದೆ. ಹಡಗನ್ನು ರೂಪಿಸಿದ್ದು ಮನುಷ್ಯನ ಕುಶಲತೆ, ಅದನ್ನು ನಡೆಸುವುದು ತಂದೆ ದೇವರ ಪರಿಪಾಲನೆ ಎಂಬುದು ಅದರ 14ನೆಯ ಅಧ್ಯಾಯದ ಸಾರ.

ಹಾಗಾದರೆ ಈ ಕೈಗಳನ್ನು ತಳ್ಳಿಹಾಕಿ “ದೇವರು ನೋಡಿಕೊಳ್ಳಲಿ” ಎನ್ನುವುದು ಏನಾಗುತ್ತದೆ? ದೇವಾಲಯದ ಶಿಖರದ ಮೇಲೆ ಸೈತಾನನು ಯೇಸುಸ್ವಾಮಿಗೆ ಹೇಳಿದ್ದೇನು? ಕೆಳಕ್ಕೆ ಧುಮುಕು, ದೂತರು ಹಿಡಿದುಕೊಳ್ಳುತ್ತಾರೆ ಎಂದು. ಅದಕ್ಕೆ ಪವಿತ್ರ ಗ್ರಂಥದ ಮಾತನ್ನೂ ಆಧಾರವಾಗಿ ಕೊಟ್ಟ. ಯೇಸುಸ್ವಾಮಿ ಅದನ್ನು ವಿಶ್ವಾಸವೆಂದು ಕರೆಯಲಿಲ್ಲ. ದೇವರನ್ನು ಪರೀಕ್ಷಿಸುವ ಕೃತ್ಯವೆಂದು ಕರೆದರು.

ಇದರ ಅರ್ಥ ಕಡಲಿಗೆ ಇಳಿಯಲೇಬಾರದೆಂದೂ ಅಲ್ಲ. ಹಡಗನ್ನು ಕಾಪಾಡುವುದೊಂದೇ ಕಪ್ತಾನನ ಕೊನೆಯ ಗುರಿಯಲ್ಲ, ಹಡಗು ಇರುವುದು ಪಯಣಿಸುವುದಕ್ಕಾಗಿ ಎಂದವರೂ ಅಕ್ವಿನಾಸರೇ. ದುಡಿದು ಮಕ್ಕಳನ್ನು ಸಾಕಲು, ದೂರದ ಜನರಿಗೆ ಅನ್ನ, ಎಣ್ಣೆ, ಔಷಧ ಮುಟ್ಟಿಸಲು ಮನುಷ್ಯ ಕಡಲಿಗಿಳಿಯುತ್ತಾನೆ. ಅದು ಧೈರ್ಯದ ಕೆಲಸ, ಪುಣ್ಯದ ಕೆಲಸ. ಆ ಧೈರ್ಯಕ್ಕೆ ವಿವೇಕವು ಜೊತೆಯಾಗಿರಬೇಕು.

ನಿಯಮಗಳ ಹಿಂದಿನ ಕಣ್ಣೀರು

ಸುರಕ್ಷತೆಯ ನಿಯಮಗಳೆಂದರೆ ಸರಕಾರದ ಕಿರುಕುಳ ಎಂಬ ಭಾವನೆ ನಮ್ಮಲ್ಲಿ ಹಲವರಿಗಿದೆ. ಆದರೆ ಕಡಲಿನ ಒಂದೊಂದು ನಿಯಮದ ಹಿಂದೆಯೂ ಯಾರದೋ ಮನೆಯ ಕಣ್ಣೀರಿದೆ. ಹತ್ತೊಂಬತ್ತನೆಯ ಶತಮಾನದಲ್ಲಿ ಕೆಲವು ಹಡಗುಗಳಿಗೆ ಮಿತಿಮೀರಿ ಸರಕು ತುಂಬಿಸಿ ಕಳುಹಿಸುತ್ತಿದ್ದರು. ಮುಳುಗಿದರೆ ಯಜಮಾನನಿಗೆ ವಿಮೆಯ ಹಣ, ನಾವಿಕನ ಹೆಂಡತಿಗೆ ವೈಧವ್ಯ. ಇಂಗ್ಲೆಂಡಿನ ಸಂಸತ್ ಸದಸ್ಯ ಸ್ಯಾಮ್ಯುಯೆಲ್ ಪ್ಲಿಮ್‌ಸೋಲ್ ಇದರ ವಿರುದ್ಧ ವರ್ಷಗಟ್ಟಲೆ ಹೋರಾಡಿದರು. ಅದರ ಫಲವಾಗಿ 1876ರ ಕಾನೂನಿನಿಂದ ಹಡಗಿನ ಹೊರಮೈಯಲ್ಲಿ ಸರಕಿನ ಮಿತಿ ತೋರಿಸುವ ಗೆರೆ ಬಂತು. ಇಂದಿಗೂ ಹಡಗುಗಳ ಮೇಲೆ ಆ ಗುರುತನ್ನು ಕಾಣಬಹುದು. ಅದು ಬರೀ ಬಣ್ಣದ ಗೆರೆಯಲ್ಲ, ಪರಪ್ರೀತಿಯ ಗೆರೆ.

1912ರ ಏಪ್ರಿಲ್ 15ರ ಮುಂಜಾವ ಟೈಟಾನಿಕ್ ಹಡಗು ಮುಳುಗಿದಾಗ ಅದರಲ್ಲಿ ಸುಮಾರು 2,200 ಜನರಿದ್ದರು. 20 ದೋಣಿಗಳಲ್ಲಿ ಸೇರಿ ಇದ್ದ ಸ್ಥಳ 1,178 ಜನರಿಗೆ ಮಾತ್ರ. ಅಂದಿನ ಕಾನೂನು ಕೇಳಿದ್ದಕ್ಕಿಂತ ಅವು ಹೆಚ್ಚೇ ಆಗಿದ್ದವು ಎಂಬುದು ಇನ್ನೂ ದುಃಖದ ಸಂಗತಿ. ಸುಮಾರು 1,500 ಮಂದಿ ಸತ್ತರು. ಅವರಲ್ಲೊಬ್ಬರು ತಮ್ಮನ ಮದುವೆ ನಡೆಸಿಕೊಡಲು ನ್ಯೂಯಾರ್ಕಿಗೆ ಹೊರಟಿದ್ದ ಕಥೋಲಿಕ ಗುರು ಥಾಮಸ್ ಬೈಲ್ಸ್. ಅವರು ದೋಣಿ ಹತ್ತದೆ, ಉಳಿದವರ ಪಾಪನಿವೇದನೆ ಕೇಳುತ್ತಾ, ಜಪಸರ ಪ್ರಾರ್ಥನೆ ನಡೆಸುತ್ತಾ ಇದ್ದರೆಂದು ಬದುಕಿಬಂದವರು ಹೇಳಿದರು. ಅವರ ಪ್ರಾರ್ಥನೆ ವ್ಯರ್ಥವಾಗಲಿಲ್ಲ. ಸಾಯುವವರಿಗೆ ಅದು ದೇವರ ಸಾನ್ನಿಧ್ಯವನ್ನು ತಂದಿತು. ಆದರೆ ಬದುಕಿದವರು ಮಾಡಬೇಕಾದ ಕೆಲಸವೂ ಒಂದಿತ್ತು. 1914ರಲ್ಲಿ ಲಂಡನ್ನಿನಲ್ಲಿ ರಾಷ್ಟ್ರಗಳು ಸೇರಿ, ಹಡಗಿನಲ್ಲಿರುವ ಪ್ರತಿಯೊಬ್ಬನಿಗೂ ರಕ್ಷಣಾದೋಣಿಯಲ್ಲಿ ಸ್ಥಳವಿರಬೇಕೆಂಬ ಒಪ್ಪಂದವನ್ನು ರೂಪಿಸಿದವು. ಸಮುದ್ರದಲ್ಲಿ ಜೀವರಕ್ಷಣೆಯ ಇಂದಿನ ಅಂತರರಾಷ್ಟ್ರೀಯ ಒಪ್ಪಂದದ ಬೇರು ಅದೇ.

1992ರಲ್ಲಿ ಪ್ರಕಟವಾದ ಕಥೋಲಿಕ ಧರ್ಮಸಭೆಯ ಧರ್ಮೋಪದೇಶ ಗ್ರಂಥವು ಕುಡಿತದಿಂದಲೋ ವೇಗದ ಹುಚ್ಚಿನಿಂದಲೋ ರಸ್ತೆಯಲ್ಲಿ, ಕಡಲಿನಲ್ಲಿ, ಆಕಾಶದಲ್ಲಿ ತಮ್ಮ ಹಾಗೂ ಪರರ ಸುರಕ್ಷತೆಗೆ ಅಪಾಯ ತರುವವರು ಘೋರ ದೋಷಕ್ಕೆ ಗುರಿಯಾಗುತ್ತಾರೆಂದು ಬೋಧಿಸುತ್ತದೆ. ಈ ಬೋಧನೆಯನ್ನು ಕೊಲೆಮಾಡಬಾರದೆಂಬ ಐದನೆಯ ಆಜ್ಞೆಯ ಕೆಳಗೆ ಇಟ್ಟಿದೆ. ಪಾಪನಿವೇದನೆಗೆ ಮೊದಲು ಆತ್ಮಶೋಧನೆ ಮಾಡುವಾಗ ಐದನೆಯ ಆಜ್ಞೆಯನ್ನು “ನಾನು ಯಾರನ್ನೂ ಕೊಂದಿಲ್ಲ” ಎಂದು ಬೇಗನೆ ದಾಟಿಬಿಡುತ್ತೇವೆ. ದೋಣಿಯ ಯಜಮಾನರು, ತಾಂಡೇಲರು ಅಲ್ಲಿ ಸ್ವಲ್ಪ ನಿಂತು ಮುಂದೆ ಹೋಗಬೇಕು.

ಈಜು ಬಾರದವರ ಪಾಲಿನ ಹಲಗೆ

ಪೌಲರ ಹಡಗಿನಲ್ಲಿ 276 ಜನರಿದ್ದರು. ಬೆಳಗಿನ ಜಾವ ಹಡಗು ಮಾಲ್ಟ ದ್ವೀಪದ ಬಳಿ ನೆಲಕ್ಕೆ ಹತ್ತಿ ಒಡೆಯಿತು. ಕೈದಿಗಳು ಈಜಿ ಓಡಿಹೋದಾರೆಂದು ಸೈನಿಕರು ಅವರನ್ನು ಕೊಲ್ಲಲು ಯೋಚಿಸಿದರು. ಶತಾಧಿಪತಿ ತಡೆದ. ಈಜು ಬಲ್ಲವರು ಮೊದಲು ಧುಮುಕಿ ದಡ ಸೇರಲಿ, ಉಳಿದವರು ಹಲಗೆಗಳನ್ನೂ ಹಡಗಿನ ತುಂಡುಗಳನ್ನೂ ಹಿಡಿದು ಬರಲಿ ಎಂದು ಆಜ್ಞಾಪಿಸಿದ. ಹೀಗೆ ಎಲ್ಲರೂ ಸುರಕ್ಷಿತವಾಗಿ ದಡ ಮುಟ್ಟಿದರು. ದೇವರ ವಾಗ್ದಾನ ನೆರವೇರಿದ್ದು ಈ ರೀತಿ. ಈಜು ಬಾರದವರನ್ನೂ ಲೆಕ್ಕಕ್ಕೆ ಹಿಡಿದ ಒಬ್ಬ ಅಧಿಕಾರಿ ಅಲ್ಲಿದ್ದ.

ನಮ್ಮ ಮಂಗಳೂರು, ಮಲ್ಪೆಯ ಬೋಟುಗಳಲ್ಲಿ ಒಡಿಶಾ, ಜಾರ್ಖಂಡ್, ಆಂಧ್ರದಿಂದ ಬಂದ ಎಷ್ಟೋ ತರುಣರು ದುಡಿಯುತ್ತಾರೆ. ಒಳನಾಡಿನಿಂದ ಬಂದವನಿಗೆ ಕಡಲು ಹೊಸದು, ಮಾತೂ ಹೊಸದು. ಅವನಿಗೆ ಈಜು ಬರುತ್ತದೆಯೇ, ಲೈಫ್ ಜಾಕೆಟ್ ಕಟ್ಟಿಕೊಳ್ಳಲು ಗೊತ್ತೇ ಎಂದು ಯಾರಾದರೂ ಕೇಳಿದ್ದಾರೆಯೇ? ಈಜು ಬಲ್ಲ ನಮಗೆ ಬೇಡವಾದ ಜಾಕೆಟ್ ಅವನ ಪಾಲಿನ ಹಲಗೆ. ನಾವು ಹಾಕಿಕೊಂಡರೆ ಅವನೂ ಹಾಕಿಕೊಳ್ಳುತ್ತಾನೆ. ನಾವು ನಕ್ಕರೆ ಅವನೂ ನಾಚಿ ತೆಗೆದಿಡುತ್ತಾನೆ.

ನಮ್ಮ ಎಷ್ಟೋ ಕಥೋಲಿಕ ಕುಟುಂಬಗಳ ಮಕ್ಕಳು ವಿದೇಶಿ ಹಡಗುಗಳಲ್ಲಿ ಕೆಲಸಕ್ಕಿದ್ದಾರೆ. ದಡದಿಂದ ನೋಡುವವರಿಗೆ ಕಾಣುವುದು ಅವರ ಸಂಬಳ ಮಾತ್ರ. 2020ರಲ್ಲಿ ಕೋವಿಡ್ ಕಾಲದಲ್ಲಿ ಜಗತ್ತಿನಾದ್ಯಂತ ಸುಮಾರು 4 ಲಕ್ಷ ನಾವಿಕರು ಒಪ್ಪಂದದ ಅವಧಿ ಮುಗಿದರೂ ಮನೆಗೆ ಬರಲಾಗದೆ ಹಡಗುಗಳಲ್ಲೇ ಉಳಿದರು. ಇಂಥವರ ಆರೈಕೆಗಾಗಿಯೇ 1920ರಲ್ಲಿ ಸ್ಕಾಟ್ಲೆಂಡಿನ ಗ್ಲಾಸ್ಗೊ ನಗರದಲ್ಲಿ ಕೆಲವು ಕಥೋಲಿಕರು ಆರಂಭಿಸಿದ ಸಮುದ್ರ ಪ್ರೇಷಿತಕಾರ್ಯವು ಇಂದು ‘ಸ್ಟೆಲ್ಲಾ ಮಾರಿಸ್’ ಎಂಬ ಹೆಸರಿನಲ್ಲಿ, ಭಾರತದ ಬಂದರುಗಳೂ ಸೇರಿದಂತೆ, ಲೋಕದೆಲ್ಲೆಡೆ ನಡೆಯುತ್ತಿದೆ. ಮಗ ಯಾವ ಬಂದರಿನಲ್ಲಿದ್ದರೂ ಅಲ್ಲಿ ಅಂಥ ಕೇಂದ್ರವಿದೆಯೇ ಎಂದು ವಿಚಾರಿಸಲು ಹೇಳಿರಿ. ಕೆಲಸಕ್ಕೆ ಕಳುಹಿಸುವ ಮುನ್ನ ಏಜೆಂಟನಿಗೆ ಸರಕಾರದ ಪರವಾನಗಿ ಇದೆಯೇ ಎಂದು ನೋಡಿರಿ. ಚಿನ್ನ ಅಡವಿಟ್ಟು ತಂದ ಹಣವನ್ನು ಅಪರಿಚಿತನ ಕೈಗಿಡಬೇಡಿರಿ.

ಕಾಯುತ್ತಿರುವ ಮನೆಗಳಿಗೆ

ಇಷ್ಟೆಲ್ಲ ಎಚ್ಚರಿಕೆ ವಹಿಸಿದರೂ ಕಡಲು ಕೆಲವರನ್ನು ಒಯ್ಯುತ್ತದೆ. 2018ರ ಡಿಸೆಂಬರಿನಲ್ಲಿ ಮಲ್ಪೆಯಿಂದ ಹೊರಟ ಸುವರ್ಣ ತ್ರಿಭುಜ ಬೋಟು ಏಳು ಮೀನುಗಾರರೊಡನೆ ಕಾಣೆಯಾಯಿತು. 2019ರ ಮೇ ತಿಂಗಳಲ್ಲಿ ಮಹಾರಾಷ್ಟ್ರದ ಮಾಲ್ವಣ್ ಕರಾವಳಿಯಾಚೆ ಅದರ ಅವಶೇಷ ಪತ್ತೆಯಾಗುವವರೆಗೆ ಆ ಮನೆಗಳವರು ಹೇಗೆ ದಿನ ಕಳೆದಿರಬೇಕು! ಕಡಲಿನ ಮನೆಗಳವರಿಗೆ ಅದನ್ನು ವಿವರಿಸಬೇಕಾಗಿಲ್ಲ.

ಅಂಥ ಮನೆಯ ಮುಂದೆ ನಿಂತು “ಅವರಿಗೆ ವಿಶ್ವಾಸ ಸಾಲದಾಯಿತು” ಎಂದಾಗಲಿ “ಏನೋ ಶಾಪ” ಎಂದಾಗಲಿ ಹೇಳುವ ಹಕ್ಕು ಯಾರಿಗೂ ಇಲ್ಲ. ಮಾಲ್ಟದಲ್ಲಿ ದಡಕ್ಕೆ ಬಂದ ಪೌಲರ ಕೈಗೆ ಹಾವು ಸುತ್ತಿಕೊಂಡಾಗ ಊರವರು, ಇವನು ಕೊಲೆಗಾರನೇ ಇರಬೇಕೆಂದು ಮಾತಾಡಿಕೊಂಡರು. ಅವರ ಎಣಿಕೆ ತಪ್ಪಾಗಿತ್ತು. ಪ್ರೇಷಿತರೇ ಹಡಗೊಡೆದು ಕಷ್ಟಪಟ್ಟಿರುವಾಗ ಆಪತ್ತು ಪಾಪದ ಗುರುತಲ್ಲ. ದೇಹ ದೊರೆಯದೆ, ಮೇಣದಬತ್ತಿ ಹಚ್ಚಲು ಒಂದು ಸಮಾಧಿಯೂ ಇಲ್ಲದವರಿಗೆ ಪ್ರಕಟನಾ ಗ್ರಂಥವು ಒಂದು ಭರವಸೆ ಕೊಟ್ಟಿದೆ: ಕೊನೆಯ ದಿನ ಕಡಲು ಸಹ ತನ್ನಲ್ಲಿರುವ ಮೃತರನ್ನು ಒಪ್ಪಿಸಿಕೊಡುವುದು. ದೇವರ ಲೆಕ್ಕದಲ್ಲಿ ಕಾಣೆಯಾದವರು ಯಾರೂ ಇಲ್ಲ.

ಮಾತೆ ಮರಿಯಮ್ಮನವರನ್ನು ಧರ್ಮಸಭೆ ಶತಮಾನಗಳಿಂದ ‘ಸಮುದ್ರ ತಾರೆ’ ಎಂದು ಕರೆಯುತ್ತಾ ಬಂದಿದೆ. ನಕ್ಷತ್ರವು ದಿಕ್ಕು ತೋರಿಸುತ್ತದೆ. ಅದನ್ನು ನೋಡಿ ಚುಕ್ಕಾಣಿ ತಿರುಗಿಸಬೇಕಾದವನು ನಾವಿಕ. ಆದ್ದರಿಂದ ಈ ವರ್ಷ ದೋಣಿಯ ಆಶೀರ್ವಾದಕ್ಕೆ ಬರುವ ಗುರುಗಳ ಮುಂದೆ ಲೈಫ್ ಜಾಕೆಟ್‌ಗಳನ್ನೂ ರೇಡಿಯೊವನ್ನೂ ಹೊರಗೆ ತೆಗೆದಿಡಿರಿ; ಅವುಗಳ ಮೇಲೂ ಪವಿತ್ರ ಜಲ ಬೀಳಲಿ. ಕರಾವಳಿ ಕಾವಲು ಪಡೆಯ 1554 ಎಂಬ ಸಂಖ್ಯೆ ಮನೆಯ ಮಕ್ಕಳಿಗೂ ಬಾಯಿಪಾಠವಾಗಿರಲಿ. ತಾಯಂದಿರೇ, ಮಡದಿಯರೇ, ಎಚ್ಚರಿಕೆಯ ದಿನ ಗಂಡಸರು ದಡದಲ್ಲೇ ಉಳಿದರೆ ಅಂದಿನ ಸಂಪಾದನೆಯ ಮಾತೆತ್ತಬೇಡಿರಿ. ಸಂಜೆಯ ಜಪಸರದಲ್ಲಿ ಒಂದು ರಹಸ್ಯವನ್ನು ಕಡಲಿನಲ್ಲಿರುವ ಎಲ್ಲರಿಗಾಗಿ, ನಮ್ಮವರಿಗೂ ಪರರಿಗೂ, ಒಪ್ಪಿಸಿರಿ.

ಬಿರುಗಾಳಿಯ ಆ ಕೊನೆಯ ರಾತ್ರಿ, ಇನ್ನೂ ಬೆಳಕು ಹರಿಯುವ ಮುನ್ನ, ಪೌಲರು ರೊಟ್ಟಿಯನ್ನು ತೆಗೆದುಕೊಂಡು ಎಲ್ಲರ ಮುಂದೆ ದೇವರಿಗೆ ಸ್ತೋತ್ರ ಸಲ್ಲಿಸಿ, ಮುರಿದು ತಿಂದರು. ಅದನ್ನು ಕಂಡು ಎಲ್ಲರೂ ಧೈರ್ಯಗೊಂಡು ಊಟಮಾಡಿದರು. ಆ ರೊಟ್ಟಿಯ ಬಲದಿಂದಲೇ ಅವರು ಬೆಳಿಗ್ಗೆ ಈಜಿ ದಡ ಸೇರಿದರು.

ಕಡಲನ್ನೂ ಗಾಳಿಯನ್ನೂ ಆಳುವ ಪ್ರಭುವೇ, ನೀರಿನ ಮೇಲೆ ದುಡಿಯುವ ನಿಮ್ಮ ಮಕ್ಕಳಿಗೆ ನಿಮ್ಮಲ್ಲಿ ಭರವಸೆಯನ್ನೂ ಕೆಲಸದಲ್ಲಿ ಎಚ್ಚರವನ್ನೂ ದಯಪಾಲಿಸಿರಿ. ಅವರನ್ನು ಕಳುಹಿಸುವವರಿಗೆ ನ್ಯಾಯಬುದ್ಧಿಯನ್ನು, ಕಾಯುವವರಿಗೆ ನೆಮ್ಮದಿಯನ್ನು, ಮರಳದವರಿಗೆ ನಿತ್ಯಜೀವದ ರೇವನ್ನು ಅನುಗ್ರಹಿಸಿರಿ. ಆಮೆನ್.